ಬಸವನಹುಳುವಿನ ಒಂದು ಜೀನ್, ಸಾಯುವ ಕೋಶ, ಬೆಳೆಯುವ ಮೈ: ತುಂಗಭದ್ರಾ ಕಾಲುವೆ ಸೀಮೆಯ ಪ್ರಯೋಗಾಲಯಗಳಿಗೆ ಕೈಪಿಡಿ

ಒಂದು ಜೀನಿನ ಕೆಲಸವನ್ನು ತಗ್ಗಿಸಿದ ಮೇಲೆ ಬಸವನಹುಳು ಬೆಳೆಯುವುದು ನಿಂತಿತು ಎಂದುಕೊಳ್ಳಿ. ‘ಈ ಜೀನ್ ಬೆಳವಣಿಗೆಗೆ ಬೇಕು’ ಎಂದು ಬರೆದುಬಿಡಲು ಕೈ ತುರಿಸುತ್ತದೆ. ಆದರೆ ಹುಳು ಬೆಳೆಯದಿರಲು ಕಾರಣ ಮೂರಿರಬಹುದು: ಕೋಶಗಳು ಹೆಚ್ಚು ಸತ್ತಿವೆ, ಕೋಶಗಳು ಕಡಿಮೆ ವಿಭಜನೆಯಾಗಿವೆ, ಇಲ್ಲವೇ ಹುಳು ಸರಿಯಾಗಿ ಮೇಯ್ದಿಲ್ಲ. ಈ ಮೂರನ್ನೂ ಬೇರೆ ಬೇರೆಯಾಗಿ ಅಳೆಯದೆ ಜೀನಿನ ಮೇಲೆ ಯಾವ ಮಾತನ್ನೂ ಹೊರಿಸಬಾರದು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿನ ಬಿಸಿಲು, ಭತ್ತದ ಗದ್ದೆಯ ಔಷಧಿ, ಬೋರ್‌ವೆಲ್ ನೀರು, ಹುಳುವಿನೊಳಗಿನ ಪರಾವಲಂಬಿ ಜೀವಿಗಳು, ಇವೆಲ್ಲ ತಾವಾಗಿಯೇ ಕೋಶಗಳನ್ನು ಕೊಲ್ಲಬಲ್ಲವು. ಎಂ.ಎಸ್ಸಿ. ಪ್ರಾಜೆಕ್ಟ್ ಅಥವಾ ಪಿಎಚ್.ಡಿ. ಮೊದಲ ವರ್ಷದ ಕೆಲಸಕ್ಕೆ ಕೂರುವವರು ಜೀನಿಗಿಂತ ಮೊದಲು ಇವನ್ನು ಕಟ್ಟಿಹಾಕಬೇಕು.

ಯಾವ ಜೀನ್?

ಆರಂಭಕ್ಕೆ ಎಂಐಎಫ್ ಜೀನ್ ಒಳ್ಳೆಯ ಆಯ್ಕೆ. ಪೂರ್ತಿ ಹೆಸರು ಮ್ಯಾಕ್ರೊಫೇಜ್ ಮೈಗ್ರೇಶನ್ ಇನ್‌ಹಿಬಿಟರಿ ಫ್ಯಾಕ್ಟರ್. ದಕ್ಷಿಣ ಅಮೆರಿಕದ ಬಯೋಂಫಲೇರಿಯಾ ಗ್ಲಾಬ್ರಾಟಾ ಎಂಬ ಹುಳುವಿನಲ್ಲಿ ಇದರ ಕೆಲಸ 2010ರಲ್ಲೇ ಪ್ರಕಟವಾಗಿದೆ. ಆ ಹುಳುವಿನ ಭ್ರೂಣದಿಂದ ಬೆಳೆಸಿದ ಬಿಜಿಇ ಕೋಶಗಳಿಗೆ ಎಂಐಎಫ್ ಪ್ರೋಟೀನ್ ಹಾಕಿದಾಗ ಕೋಶಗಳ ವಿಭಜನೆ ಹೆಚ್ಚಿತು. ನೈಟ್ರಿಕ್ ಆಕ್ಸೈಡ್ ಕೊಟ್ಟಾಗ ಪಿ53 ಎಂಬ ಪ್ರೋಟೀನಿನ ದಾರಿಯಲ್ಲಿ ಆಗುವ ಅಪೊಪ್ಟೋಸಿಸ್, ಅಂದರೆ ಕೋಶ ತನ್ನನ್ನು ತಾನೇ ಕ್ರಮವಾಗಿ ಮುಗಿಸಿಕೊಳ್ಳುವ ಸಾವು, ಕಡಿಮೆಯಾಯಿತು. ಒಂದೇ ಜೀನ್ ಸಾವನ್ನು ತಡೆಯುತ್ತದೆ, ಬೆಳವಣಿಗೆಯನ್ನೂ ತಳ್ಳುತ್ತದೆ. ನಮ್ಮ ಪ್ರಶ್ನೆಗೆ ಇದಕ್ಕಿಂತ ತಕ್ಕದ್ದು ಸಿಗುವುದು ಕಷ್ಟ. ಅದನ್ನು ತಗ್ಗಿಸಿದರೆ ಸಾವು ಏರಬೇಕು, ವಿಭಜನೆ ಇಳಿಯಬೇಕು. ಎರಡಕ್ಕೂ ದಿಕ್ಕು ಮೊದಲೇ ಗೊತ್ತಿರುವುದರಿಂದ ತಪ್ಪಾದದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಅಪೊಪ್ಟೋಸಿಸ್ ನಡೆಸುವ ಕ್ಯಾಸ್ಪೇಸ್-3 ಕಿಣ್ವದ ಮೇಲೆ ಆಸೆ ಇರುವವರಿಗೆ ಒಂದು ಎಚ್ಚರ: ಮೃದ್ವಂಗಿಗಳಲ್ಲಿ ಕ್ಯಾಸ್ಪೇಸ್ ಒಂದಲ್ಲ, ಹಲವು. ಒಂದನ್ನು ತಗ್ಗಿಸಿದರೆ ಇನ್ನೊಂದು ಅದರ ಕೆಲಸ ಹೊತ್ತುಕೊಳ್ಳಬಹುದು. ಏನೂ ಆಗಿಲ್ಲ ಎಂಬ ಫಲಿತಾಂಶದಿಂದ ಏನನ್ನೂ ಹೇಳಲಾಗದು.

ಬಯೋಂಫಲೇರಿಯಾ ನಮ್ಮ ನೆಲದ ಹುಳು ಅಲ್ಲ. ಅದು ಮನುಷ್ಯರಿಗೆ ಷಿಸ್ಟೊಸೋಮಾ ಮ್ಯಾನ್ಸೋನಿ ಎಂಬ ಪರಾವಲಂಬಿಯನ್ನು ಹರಡುವ ಹುಳು; ತರಿಸುವ ಯೋಚನೆಯೇ ಬೇಡ. ಅದರ ಜೀನೋಮ್ 2017ರಿಂದ ಎಲ್ಲರಿಗೂ ತೆರೆದಿದೆ. ಅದನ್ನೂ ಲಿಮ್ನಿಯಾ ಸ್ಟ್ಯಾಗ್ನಾಲಿಸ್ ಎಂಬ ಇನ್ನೊಂದು ಬಸವನಹುಳುವಿನ ಅನುಕ್ರಮವನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಆಗಿರುವ ಭಾಗಕ್ಕೆ ಡಿಜೆನರೇಟ್ ಪ್ರೈಮರ್ (ಕೆಲವು ಅಕ್ಷರ ಬದಲಾದರೂ ಕೂಡುವ ಚಿಕ್ಕ ಡಿಎನ್‌ಎ ತುಣುಕು) ಬರೆದು, ಸ್ಥಳೀಯ ಹುಳುವಿನ ಸಿಡಿಎನ್‌ಎಯಿಂದ (ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ಪ್ರತಿ) ಜೀನಿನ ತುಣುಕನ್ನು ಎತ್ತಿ ಸೀಕ್ವೆನ್ಸ್ ಮಾಡಿಸಿ. ಬೇರೆ ಹುಳುವಿನ ಅನುಕ್ರಮದಿಂದ ನೇರವಾಗಿ, ಜೀನ್ ತಗ್ಗಿಸಲು ಚುಚ್ಚುವ ಎರಡೆಳೆ ಆರ್‌ಎನ್‌ಎ ಮಾಡಿಬಿಟ್ಟರೆ ಅದು ನಿಮ್ಮ ಹುಳುವಿನ ಜೀನಿಗೆ ಅಕ್ಷರಕ್ಕೆ ಅಕ್ಷರ ಕೂಡದೆ, ಜೀನ್ ಇಳಿಯದೇ ಹೋಗಬಹುದು.

ಹುಳು ಹಿಡಿಯುವುದು

ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯ ಗದ್ದೆ ಬದುಗಳಲ್ಲಿ, ತೂಬಿನ ಕೆಳಗಿನ ನಿಂತ ನೀರಿನಲ್ಲಿ, ಕೆರೆ ಅಂಚಿನ ಜೊಂಡಿನಲ್ಲಿ ಎರಡು ಉಪಯುಕ್ತ ಜಾತಿಗಳನ್ನು ಹುಡುಕಿ. ಒಂದು ಲಿಮ್ನಿಯಾ ಲ್ಯೂಟಿಯೋಲಾ: ತೆಳು ಕಂದು ಚಿಪ್ಪು, ಅಗಲ ಬಾಯಿ. ಇನ್ನೊಂದು ಇಂಡೋಪ್ಲಾನಾರ್ಬಿಸ್ ಎಕ್ಸಸ್ಟಸ್: ಚಪ್ಪಟೆಯಾಗಿ ಸುರುಳಿ ಸುತ್ತಿದ ಬಿಲ್ಲೆಯಂಥದ್ದು, ಚುಚ್ಚಿದರೆ ಕೆಂಪು ರಕ್ತ. ಬಾಯಿಗೆ ಗಟ್ಟಿ ಮುಚ್ಚಳ ಇರುವ ದೊಡ್ಡ ಹುಳು ಪೈಲಾ. ಅದರಲ್ಲಿ ಗಂಡು ಹೆಣ್ಣು ಬೇರೆ ಬೇರೆ, ತಲೆಮಾರು ನಿಧಾನ, ಈ ಕೆಲಸಕ್ಕೆ ಬೇಡ.

ಲಿಮ್ನಿಯಾ ಎಂದು ಅದನ್ನೇ ಹೋಲುವ ಫೈಸಾ ಎಂಬ ಹುಳು ಹಿಡಿದು ತರುವುದು ಸಾಮಾನ್ಯ. ತುದಿ ಮೇಲೆ, ಬಾಯಿ ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಬಾಯಿ ಬಲಕ್ಕಿದ್ದರೆ ಲಿಮ್ನಿಯಾ, ಎಡಕ್ಕಿದ್ದರೆ ಫೈಸಾ. ಪ್ರಬಂಧಕ್ಕೆ ಇಷ್ಟು ಸಾಲದು. ಒಂದೆರಡು ಹುಳುವಿನ, ಜಾತಿ ಗುರುತಿಸಲು ಬಳಸುವ ಸಿಒಐ ಜೀನಿನ 658 ಬೇಸ್ ತುಣುಕನ್ನೂ ಸೀಕ್ವೆನ್ಸ್ ಮಾಡಿಸಿ ಇಡಿ.

ಇವೆರಡರಲ್ಲಿ ಲಿಮ್ನಿಯಾವನ್ನೇ ಆರಿಸಿಕೊಳ್ಳಿ. ಇಂಡೋಪ್ಲಾನಾರ್ಬಿಸ್ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ಲಾಸ್ಮಾದಲ್ಲೇ ಕರಗಿರುತ್ತದೆ. ಕೋಶ ಬದುಕಿದೆಯೇ ಎಂದು ಬಣ್ಣದಿಂದ ಅಳೆಯುವ ಎಂಟಿಟಿಯಂಥ ಪರೀಕ್ಷೆಗಳಲ್ಲಿ ಆ ಕೆಂಪು ಅಂಕಿಯನ್ನು ಕೆಡಿಸುತ್ತದೆ.

ಗಮ್‌ಬೂಟು, ಕೈಗವಸು ಕಡ್ಡಾಯ. ಇಂಡೋಪ್ಲಾನಾರ್ಬಿಸ್ ದನಗಳ ಗೊರಕೆ ರೋಗಕ್ಕೆ ಕಾರಣವಾದ ಷಿಸ್ಟೊಸೋಮಾ ನೇಸೇಲ್ ಸೇರಿ ಹಲವು ಪರಾವಲಂಬಿಗಳನ್ನು ಹೊರುತ್ತದೆ. ಅವುಗಳ ಮರಿಗಳು ಮನುಷ್ಯರ ಚರ್ಮ ಹೊಕ್ಕರೆ ತುರಿಕೆ, ಗಂಧೆ ಏಳುತ್ತವೆ. ಔಷಧಿ ಹೊಡೆದ ಗದ್ದೆಯ ನೀರು ಹರಿದು ಬರುವ ಜಾಗದಿಂದ ಹುಳು ಎತ್ತಬೇಡಿ. ಅದರಲ್ಲೂ ಮೈಲುತುತ್ತು, ಕಾಪರ್ ಆಕ್ಸಿಕ್ಲೋರೈಡ್ ಬಳಸಿದ ಕಡೆ ಕಾಲಿಡಬೇಡಿ, ತಾಮ್ರ ಬಸವನಹುಳುವಿಗೆ ನೇರ ವಿಷ. ಎಡದಂಡೆ ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಬೇಸಿಗೆಯಲ್ಲಿ ಉಳಿಯುವ ಗುಂಡಿಗಳ ಹುಳು ಬಳಲಿರುತ್ತವೆ. ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತಿನ ಸಂಗ್ರಹವೇ ಒಳ್ಳೆಯದು.

ತಂದ ಹುಳುಗಳ ಮೇಲೆ ಪ್ರಯೋಗ ಮಾಡಬೇಡಿ. ಅವುಗಳ ಮರಿಗಳ ಮೇಲೆ ಮಾಡಿ. ತಂದವನ್ನು ಒಂದೊಂದಾಗಿ ಸಣ್ಣ ಗಾಜಿನ ಟ್ಯೂಬಿನಲ್ಲಿ 10 ಮಿ.ಲೀ. ನೀರಿನೊಂದಿಗೆ ಬೆಳಿಗ್ಗೆ ಎರಡು ಮೂರು ಗಂಟೆ ಬೆಳಕಿಗೆ ಇಟ್ಟು, ಆ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಪರಾವಲಂಬಿಯ ಬಾಲವಿರುವ ಮರಿಗಳು ಈಜಾಡುತ್ತಿದ್ದರೆ ಆ ಹುಳು ಹೊರಗೆ. ಸೋಂಕು ಇನ್ನೂ ಹಣ್ಣಾಗದಿದ್ದರೆ ಮೊದಲ ಸಲ ಏನೂ ಕಾಣದು. ಮೂರು ವಾರದ ನಂತರ ಮತ್ತೊಮ್ಮೆ ನೋಡಿ. ಸೋಂಕಿತ ಹುಳುವಿನಲ್ಲಿ ರಕ್ತಕೋಶಗಳ ಸಂಖ್ಯೆ, ಸಾವು, ಬೆಳವಣಿಗೆ ಮೂರೂ ಬದಲಾಗಿರುತ್ತವೆ. ಒಳ್ಳೆಯ ಹುಳುಗಳು ಎಲೆಯ ಕೆಳಗೆ ಅಂಟಿಸುವ ಲೋಳೆ ಮೊಟ್ಟೆರಾಶಿಗಳನ್ನು ಬೇರೆ ತೊಟ್ಟಿಗೆ ಹಾಕಿ. ಬೆಚ್ಚನೆಯ ನೀರಿನಲ್ಲಿ ಒಂದು ವಾರದಿಂದ ಹತ್ತು ದಿನದಲ್ಲಿ ಮರಿ ಹೊರಬರುತ್ತವೆ.

ನೀರು, ಮೇವು, ಬಿಸಿಲು

ಈ ಮೂರು ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ಬಹಳ. ರಾಯಚೂರು ಜಿಲ್ಲೆಯ ಕೆಲವೆಡೆ ಆರ್ಸೆನಿಕ್ ಕೂಡ ಇದೆ. ಆ ನೀರು ಬೇಡ. ಆರ್‌ಒ ನೀರಿನಲ್ಲಿ ಸುಣ್ಣವೇ ಇರುವುದಿಲ್ಲ, ಚಿಪ್ಪು ಕರಗಿ ಬೆಳ್ಳಗಾಗುತ್ತದೆ. ಡಿಸ್ಟಿಲ್ಡ್ ನೀರಿಗೆ ಲೀಟರಿಗೆ ಸೋಡಿಯಂ ಬೈಕಾರ್ಬನೇಟ್ 192 ಮಿ.ಗ್ರಾಂ., ಕ್ಯಾಲ್ಸಿಯಂ ಸಲ್ಫೇಟ್ ಡೈಹೈಡ್ರೇಟ್ 120 ಮಿ.ಗ್ರಾಂ., ಮೆಗ್ನೀಷಿಯಂ ಸಲ್ಫೇಟ್ 120 ಮಿ.ಗ್ರಾಂ., ಪೊಟ್ಯಾಸಿಯಂ ಕ್ಲೋರೈಡ್ 8 ಮಿ.ಗ್ರಾಂ. ಹಾಕಿ ರಾತ್ರಿಯಿಡೀ ಗಾಳಿ ಬಿಡಿ. ಗಡಸುತನ ಲೀಟರಿಗೆ ಸುಮಾರು 160ರಿಂದ 180 ಮಿ.ಗ್ರಾಂ., ಪಿಎಚ್ 7.6ರಿಂದ 8ರೊಳಗೆ ನಿಲ್ಲುತ್ತದೆ. ಕ್ಯಾಲ್ಸಿಯಂ ಸಲ್ಫೇಟ್ ಕರಗಲು ಹಟ ಮಾಡುತ್ತದೆ; ಅದನ್ನು ಬೇರೆಯಾಗಿ ಕಲಕಿ ಸೇರಿಸಿ. ಹಿತ್ತಾಳೆ ನಲ್ಲಿ, ತಾಮ್ರದ ಪೈಪಿನ ನೀರು ತಾಗಬಾರದು.

ಮೇವಿಗೆ ಪಾಲಕ್ ಸೊಪ್ಪು. ಸಂತೆಯ ಸೊಪ್ಪಿನಲ್ಲಿ ಕೀಟನಾಶಕ ಉಳಿದಿರುವ ಸಂಭವ ಹೆಚ್ಚು, ಆದ್ದರಿಂದ ಕುಂಡದಲ್ಲಿ ನೀವೇ ಬೆಳೆದುಕೊಂಡರೆ ನಿಶ್ಚಿಂತೆ. ಒಂದು ನಿಮಿಷ ಕುದಿನೀರಲ್ಲಿ ಬಾಡಿಸಿ, ತೂಕ ಮಾಡಿ ಹಾಕಿ, ಮರುದಿನ ಉಳಿದದ್ದನ್ನೂ ತೂಕ ಮಾಡಿ. ಈ ಎರಡು ತೂಕಗಳೇ ಹುಳು ಮೇಯ್ದದ್ದಕ್ಕೆ ಸಾಕ್ಷಿ. ಇದನ್ನು ಬಿಟ್ಟವರು ಕೊನೆಗೆ ಉಪವಾಸವನ್ನು ಜೀನಿನ ಪರಿಣಾಮ ಎಂದು ಬರೆಯುತ್ತಾರೆ.

ಉಷ್ಣತೆ 25ರಿಂದ 27 ಡಿಗ್ರಿ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಕರೆಂಟು ಹೋದರೆ ಸಣ್ಣ ತೊಟ್ಟಿಯ ನೀರು ಬೇಗ ಕಾಯುತ್ತದೆ. ಕಾದಾಗ ಎಚ್‌ಎಸ್‌ಪಿ70 ಪ್ರೋಟೀನ್ ಏರುತ್ತದೆ. ಅದು ಅಪೊಪ್ಟೋಸಿಸ್ ಅನ್ನು ತಡೆಯುವ ಗುಣದ್ದು. ಕಾವು ಇನ್ನೂ ಮುಂದುವರಿದರೆ ಕೋಶಗಳು ಸಾಯತೊಡಗುತ್ತವೆ. ಅಂದರೆ ಒಂದೇ ಮಧ್ಯಾಹ್ನದ ಬಿಸಿ ನಿಮ್ಮ ಅಂಕಿಗಳನ್ನು ಎರಡೂ ಕಡೆಗೆ ಎಳೆದಾಡಬಲ್ಲದು. ತೊಟ್ಟಿಗಳನ್ನು ಅಗಲವಾದ ನೀರಿನ ತಟ್ಟೆಯೊಳಗೆ ಇಟ್ಟು ಸುತ್ತ ಒದ್ದೆ ಗೋಣಿತಾಟು ಹೊದಿಸಿ. ಇಲ್ಲಿನ ಒಣ ಹವೆಗೆ ಇದು ಚೆನ್ನಾಗಿ ತಂಪು ಹಿಡಿಯುತ್ತದೆ. ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರ್ ಇಟ್ಟು, 30 ಡಿಗ್ರಿ ದಾಟಿದ ದಿನದ ಮಾದರಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಾಧ್ಯವಿದ್ದರೆ ಇಡೀ ಪ್ರಯೋಗವನ್ನೇ ನವೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿಕೊಳ್ಳಿ.

ಜೀನ್ ತಗ್ಗಿಸುವುದು

ಎರಡೆಳೆ ಆರ್‌ಎನ್‌ಎ ಕೋಶದೊಳಗೆ ಹೋದರೆ ಅದಕ್ಕೆ ಹೊಂದುವ ಸಂದೇಶ ಆರ್‌ಎನ್‌ಎ ತುಂಡಾಗುತ್ತದೆ. 1998ರಲ್ಲಿ ದುಂಡುಹುಳುವಿನಲ್ಲಿ ತೋರಿಸಿದ ಈ ತತ್ವಕ್ಕೆ 2006ರ ನೊಬೆಲ್ ಬಂತು. ಬಸವನಹುಳುವಿನಲ್ಲೂ ಇದು ನಡೆಯುತ್ತದೆ. ಜೀನಿನ 300ರಿಂದ 500 ಬೇಸ್ ಉದ್ದದ ಭಾಗವನ್ನು, ಎರಡೂ ತುದಿಗೆ ಟಿ7 ಪ್ರಮೋಟರ್ (ಆರ್‌ಎನ್‌ಎ ತಯಾರಿ ಶುರುವಾಗುವ ಗುರುತು) ಇರುವ ಪ್ರೈಮರ್‌ಗಳಿಂದ ವರ್ಧಿಸಿ, ಕಿಟ್‌ನಲ್ಲಿ ಆರ್‌ಎನ್‌ಎ ಮಾಡಿ, ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಕಿಣ್ವ ಹಾಕಿ ಶುದ್ಧಗೊಳಿಸಿ. ಎಂಐಎಫ್‌ನಂಥ ಚಿಕ್ಕ ಜೀನಿನಲ್ಲಿ ಇಷ್ಟು ಉದ್ದ ಸಿಗದಿದ್ದರೆ 200 ಬೇಸ್ ಆದರೂ ನಡೆಯುತ್ತದೆ. ಅಳೆಯುವಾಗ ಸ್ಪೆಕ್ಟ್ರೋಫೋಟೋಮೀಟರನ್ನು ಒಂದೆಳೆ ಆರ್‌ಎನ್‌ಎ ಎಂದು ಬಿಟ್ಟರೆ ಅದು 40ರಿಂದ ಗುಣಿಸುತ್ತದೆ. ಎರಡೆಳೆಗೆ ಸುಮಾರು 45 ಬೇಕು.

8ರಿಂದ 10 ಮಿ.ಮೀ. ಹುಳುವಿಗೆ 5 ಮೈಕ್ರೋಲೀಟರ್‌ನಲ್ಲಿ 5 ಮೈಕ್ರೋಗ್ರಾಂ ಎಂದು ಆರಂಭಿಸಿ, ನಂತರ ಏರಿಸಿ ಇಳಿಸಿ ನೋಡಿ. ಹುಳುವನ್ನು ಒದ್ದೆ ಫಿಲ್ಟರ್ ಕಾಗದದ ಮೇಲಿಟ್ಟು, ಪಾದ ಚಾಚುವವರೆಗೆ ಕಾದು, 33 ಗೇಜ್ ಸೂಜಿಯನ್ನು ಪಾದದ ಬದಿಯಿಂದ ಓರೆಯಾಗಿ ಹೊಗಿಸಿ ನಿಧಾನವಾಗಿ ಬಿಡಿ. ಅವಸರ ಮಾಡಿದರೆ ಹುಳು ಒಳಗೆಳೆದುಕೊಂಡು ರಕ್ತದ ಜೊತೆ ನೀವು ಕೊಟ್ಟದ್ದನ್ನೂ ಹೊರಗೆ ಉಗುಳುತ್ತದೆ. ಮೊದಲು ಆಹಾರದ ಬಣ್ಣ ಬೆರೆಸಿದ ಲವಣದ್ರಾವಣದಿಂದ ಅಭ್ಯಾಸ ಮಾಡಿ. ಕಾಗದಕ್ಕೆ ಬಣ್ಣ ಇಳಿಯದೆ ಒಳಗೇ ನಿಲ್ಲುವವರೆಗೆ ನಿಜವಾದ ಆರ್‌ಎನ್‌ಎ ಮುಟ್ಟಬೇಡಿ.

ಗುಂಪುಗಳು ನಾಲ್ಕು ಬೇಕು: ಮುಟ್ಟದವು, ಲವಣದ್ರಾವಣ ಚುಚ್ಚಿದವು, ಜಿಎಫ್‌ಪಿಯ (ಹುಳುವಿನಲ್ಲಿ ಇಲ್ಲದ ಜೀನ್) ಎರಡೆಳೆ ಆರ್‌ಎನ್‌ಎ ಚುಚ್ಚಿದವು, ಎಂಐಎಫ್‌ನದು ಚುಚ್ಚಿದವು. ಹೋಲಿಕೆ ಯಾವಾಗಲೂ ಜಿಎಫ್‌ಪಿ ಗುಂಪಿನ ಜೊತೆ. ಯಾವ ಎರಡೆಳೆ ಆರ್‌ಎನ್‌ಎ ಹೊಕ್ಕರೂ ಹುಳುವಿನ ದೇಹ ಅದನ್ನು ವೈರಸ್ಸೆಂದು ಬಗೆದು ಪ್ರತಿಕ್ರಿಯಿಸಬಹುದು. ಜೀನಿನ ಇನ್ನೊಂದು ಭಾಗದಿಂದ, ಮೊದಲನೆಯದರ ಮೇಲೆ ಬೀಳದಂತೆ, ಎರಡನೆಯ ಆರ್‌ಎನ್‌ಎ ಮಾಡಿ ಅದೂ ಅದೇ ಫಲ ಕೊಟ್ಟರೆ ಮಾತಿಗೆ ಬಲ.

ನಿಜವಾಗಿ ಇಳಿಯಿತೇ?

ಚುಚ್ಚಿದ 2, 4, 6ನೇ ದಿನ ಕೆಲವು ಹುಳುಗಳಿಂದ ಆರ್‌ಎನ್‌ಎ ತೆಗೆಯಿರಿ. ಟ್ರೈಜಾಲ್ ವಿಧಾನದಲ್ಲಿ ಹುಳುವಿನ ಲೋಳೆಯ ಶರ್ಕರಗಳು ಜೊತೆಗೇ ಬಂದು ತಳದಲ್ಲಿ ಅಂಟು ಗೋಲಿ ಕೂರುತ್ತದೆ. ಶುದ್ಧತೆ ತೋರಿಸುವ 260/230 ಅನುಪಾತ ನೆಲ ಕಚ್ಚುತ್ತದೆ. ಐಸೊಪ್ರೊಪನಾಲ್ ಹಂತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಸಿ, ಉಳಿದರ್ಧಕ್ಕೆ 0.8 ಮೋಲಾರ್ ಸೋಡಿಯಂ ಸಿಟ್ರೇಟ್ ಮತ್ತು 1.2 ಮೋಲಾರ್ ಉಪ್ಪಿನ ದ್ರಾವಣ ಹಾಕಿ. ಶರ್ಕರ ಕರಗಿಯೇ ಉಳಿಯುತ್ತದೆ, ಆರ್‌ಎನ್‌ಎ ಮಾತ್ರ ಕೂರುತ್ತದೆ.

ಜೆಲ್‌ನಲ್ಲಿ ರೈಬೋಸೋಮಿನ ದೊಡ್ಡ ಆರ್‌ಎನ್‌ಎಯಾದ 28ಎಸ್‌ನ ಪಟ್ಟಿ ಕಾಣದೆ, ಚಿಕ್ಕದಾದ 18ಎಸ್ ಜಾಗದಲ್ಲಿ ಒಂದೇ ದಪ್ಪ ಪಟ್ಟಿ ಬಂದರೆ ಗಾಬರಿಯಾಗಬೇಡಿ. ಮೃದ್ವಂಗಿಗಳ 28ಎಸ್ ಆರ್‌ಎನ್‌ಎಯೊಳಗೆ ಗುಪ್ತ ಬಿರುಕೊಂದಿರುತ್ತದೆ. ಬಿಸಿ ಮಾಡಿದರೆ ಎರಡು ತುಂಡಾಗಿ 18ಎಸ್ ಪಕ್ಕವೇ ಓಡುತ್ತವೆ. ಆರ್‌ಎನ್‌ಎ ಕೆಟ್ಟಿಲ್ಲ. ಆರ್‌ಎನ್‌ಎ ಎಷ್ಟು ಕೆಡದೆ ಉಳಿದಿದೆ ಎಂದು ಯಂತ್ರ ಕೊಡುವ ಆರ್‌ಐಎನ್ ಅಂಕಿ ಕಡಿಮೆಯಿದ್ದದ್ದು ನೋಡಿ ಒಳ್ಳೆಯ ಮಾದರಿಗಳನ್ನು ಚೆಲ್ಲಿದವರು ಬಹಳ ಜನ.

ಸಂದೇಶ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ರಿಯಲ್‌ಟೈಮ್ ಪಿಸಿಆರ್‌ನ ಪ್ರೈಮರ್‌ಗಳಲ್ಲಿ ಒಂದಾದರೂ ಚುಚ್ಚಿದ ಆರ್‌ಎನ್‌ಎ ಭಾಗದ ಹೊರಗೆ ಬೀಳಬೇಕು. ಎರಡೂ ಒಳಗೆ ಬಿದ್ದರೆ ನೀವು ಚುಚ್ಚಿದ ಆರ್‌ಎನ್‌ಎಯೇ ವರ್ಧನೆಯಾಗಿ, ಜೀನ್ ಇಳಿಯುವ ಬದಲು ಏರಿದಂತೆ ಕಾಣುತ್ತದೆ. ಹೋಲಿಕೆಗೆ, ಪ್ರಯೋಗದಿಂದ ಬದಲಾಗದ ಎರಡು ಆಧಾರ ಜೀನ್‌ಗಳನ್ನಿಡಿ, ಆಕ್ಟಿನ್ ಮತ್ತು ಇಎಫ್1-ಆಲ್ಫಾ ಸಾಕು. ಸಿಟಿ ಅಂಕಿ (ಗುರುತು ಕಾಣಲು ಬೇಕಾದ ಪಿಸಿಆರ್ ಸುತ್ತುಗಳು) ಆಧಾರಕ್ಕೆ ಹೋಲಿಸಿ 2 ಹೆಚ್ಚಿದರೆ ಸಂದೇಶ ಕಾಲು ಭಾಗಕ್ಕಿಳಿದಿದೆ ಎಂದರ್ಥ. ಅರ್ಧಕ್ಕೂ ಇಳಿಯದಿದ್ದರೆ ಮುಂದಿನ ಹಂತಕ್ಕೆ ಹೋಗಿ ಉಪಯೋಗವಿಲ್ಲ.

ಸಾಯುವ ಕೋಶಗಳನ್ನು ಎಣಿಸುವುದು

ಇಲ್ಲಿ ಸಾವಕಾಶ ಬೇಕು. ಹುಳುವಿನ ಚಿಪ್ಪನ್ನು ಟಿಶ್ಯೂ ಕಾಗದದಿಂದ ಪೂರ್ತಿ ಒಣಗಿಸಿ, ಪಿಪೆಟ್ ತುದಿಯಿಂದ ಪಾದವನ್ನು ಮೆಲ್ಲಗೆ ಮುಟ್ಟುತ್ತಿರಿ. ಹುಳು ಆಳಕ್ಕೆ ಸರಿಯುತ್ತ ರಕ್ತವನ್ನು ಹೊರಚೆಲ್ಲುತ್ತದೆ. ಬಾಯಂಚಿನಲ್ಲಿ ತಿಳಿನೀಲಿ ಹನಿ ನಿಂತ ಕೂಡಲೇ ಎಳೆದು ಮಂಜುಗಡ್ಡೆಯ ಮೇಲಿನ ಟ್ಯೂಬಿಗೆ ಬಿಡಿ. ನೊರೆ ನೊರೆಯಾದ ಲೋಳೆ ಬಂದರೆ ಅದನ್ನು ಒರೆಸಿ ಮುಂದಿನ ಹನಿಗೆ ಕಾಯಿರಿ. ನಾಲ್ಕೈದು ಹುಳುಗಳ ರಕ್ತವನ್ನು ಒಂದೇ ಮಾದರಿಯಾಗಿ ಸೇರಿಸಿಕೊಳ್ಳಬಹುದು. ರಕ್ತಕೋಶಗಳು ಕೆಲವೇ ನಿಮಿಷದಲ್ಲಿ ಗುಂಪುಗಟ್ಟುತ್ತವೆ, ಆದ್ದರಿಂದ ಟ್ಯೂಬಿನಲ್ಲಿ ಮೊದಲೇ ತಣ್ಣನೆಯ ಸಿಟ್ರೇಟ್-ಇಡಿಟಿಎ ದ್ರಾವಣ ಇರಲಿ. ರಕ್ತ ತೆಗೆದ ಹುಳುವನ್ನು ಬೆಳವಣಿಗೆಯ ಲೆಕ್ಕಕ್ಕೆ ಸೇರಿಸಬೇಡಿ. ಅದಕ್ಕೆ ಬೇರೆ ಹುಳುಗಳನ್ನು ಮೀಸಲಿಡಿ.

ಎಲ್ಲರೂ ಎಡವುವ ಕಲ್ಲು ಲವಣದ ಪ್ರಮಾಣ. ಪ್ರಯೋಗಾಲಯದ ಸಾಮಾನ್ಯ ಲವಣದ್ರಾವಣವಾದ ಪಿಬಿಎಸ್ ಮನುಷ್ಯನ ರಕ್ತಕ್ಕೆ ಹೊಂದುವಂಥದ್ದು, ಸುಮಾರು 290 ಮಿಲಿಆಸ್ಮೋಲ್. ಸಿಹಿನೀರಿನ ಬಸವನಹುಳುವಿನ ರಕ್ತ ಅದರ ಅರ್ಧಕ್ಕೂ ಕಡಿಮೆ. ಪಿಬಿಎಸ್‌ನಲ್ಲಿ ತೊಳೆದ ಕೋಶಗಳು ಮುದುಡಿ, ಕೋಶಕೇಂದ್ರ ಒತ್ತಾಗಿ, ಅಪೊಪ್ಟೋಸಿಸ್ ಆದ ಕೋಶದಂತೆಯೇ ಕಾಣುತ್ತವೆ. ಆಗ ಎಲ್ಲ ಗುಂಪಿನಲ್ಲೂ ಸಾವು ಹೆಚ್ಚು, ಗುಂಪುಗಳ ನಡುವೆ ವ್ಯತ್ಯಾಸವಿಲ್ಲ. ಬದಲಿಗೆ ಚೆರ್ನಿನ್ ಲವಣದ್ರಾವಣ ಮಾಡಿಕೊಳ್ಳಿ. ಲೀಟರಿಗೆ ಸೋಡಿಯಂ ಕ್ಲೋರೈಡ್ 2.8 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.15, ಡೈಸೋಡಿಯಂ ಫಾಸ್ಫೇಟ್ 0.07, ಮೆಗ್ನೀಷಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 0.45, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 0.53, ಸೋಡಿಯಂ ಬೈಕಾರ್ಬನೇಟ್ 0.05, ಗ್ಲೂಕೋಸ್ 1, ಟ್ರೆಹಲೋಸ್ 1 ಗ್ರಾಂ, ಪಿಎಚ್ 7.4. ಕ್ಯಾಲ್ಸಿಯಂ ಅನ್ನು ಕೊನೆಗೆ ಹನಿಹನಿಯಾಗಿ ಹಾಕಿ, ಇಲ್ಲದಿದ್ದರೆ ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗುತ್ತದೆ.

ಕೋಶಗಳ 25 ಮೈಕ್ರೋಲೀಟರ್‌ಗೆ, ಅಕ್ರಿಡಿನ್ ಆರೆಂಜ್ ಮತ್ತು ಎಥಿಡಿಯಂ ಬ್ರೋಮೈಡ್ ತಲಾ 100 ಮೈಕ್ರೋಗ್ರಾಂ ಪ್ರತಿ ಮಿ.ಲೀ. ಇರುವ ಮಿಶ್ರಣ 1 ಮೈಕ್ರೋಲೀಟರ್ ಸೇರಿಸಿ ತಕ್ಷಣ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿ. ಕೇಂದ್ರವೆಲ್ಲ ಸಮನಾಗಿ ಹಸಿರಿದ್ದರೆ ಜೀವಂತ. ಹಸಿರಿನೊಳಗೆ ಹೊಳೆಯುವ ಗಂಟುಗಳಿದ್ದರೆ ಅಪೊಪ್ಟೋಸಿಸ್‌ನ ಆರಂಭ. ಕಿತ್ತಳೆ ಬಣ್ಣದ ಚೂರುಗಳಾಗಿದ್ದರೆ ಅದರ ಕೊನೆ. ಕಿತ್ತಳೆಯಾಗಿದ್ದೂ ಕೇಂದ್ರ ಇಡಿಯಾಗಿ ನಯವಾಗಿದ್ದರೆ ಅದು ನೆಕ್ರೋಸಿಸ್, ಅಂದರೆ ಪೆಟ್ಟಿನಿಂದ ಆದ ಸಾವು. ಇದನ್ನು ಬೇರೆ ಕಂಬಸಾಲಿನಲ್ಲಿ ಬರೆಯಿರಿ. ನೆಕ್ರೋಸಿಸ್ ಹೆಚ್ಚಾದರೆ ಜೀನಿಗಿಂತ ಮೊದಲು ಸೂಜಿಯ ಗಾಯ, ದ್ರಾವಣ, ಕಾವು ಇವನ್ನು ಶಂಕಿಸಬೇಕು. ಪ್ರತಿ ಮಾದರಿಗೆ ಕನಿಷ್ಠ 200 ಕೋಶ ಎಣಿಸಿ. ಯಾವ ಸ್ಲೈಡ್ ಯಾವ ಗುಂಪಿನದೆಂದು ಎಣಿಸುವವರಿಗೆ ಗೊತ್ತಿರಬಾರದು. ಹತ್ತು ಹದಿನೈದು ನಿಮಿಷ ಕಳೆದರೆ ಬಣ್ಣವೇ ಕೋಶಗಳನ್ನು ಕೊಲ್ಲತೊಡಗುತ್ತದೆ, ಸ್ಲೈಡುಗಳನ್ನು ಸಾಲುಗಟ್ಟಿ ಇಡಬೇಡಿ.

ಇದೊಂದೇ ಸಾಕ್ಷಿ ಸಾಲದು. ತುಂಡಾದ ಡಿಎನ್‌ಎ ತುದಿಗಳನ್ನು ಗುರುತಿಸುವ ಟನಲ್ ಪರೀಕ್ಷೆಯನ್ನೂ ಕ್ಯಾಸ್ಪೇಸ್-3/7 ಎಷ್ಟು ಚುರುಕಾಗಿದೆ ಎಂದು ಅಳೆಯುವ ಡಿಇವಿಡಿ ಪರೀಕ್ಷೆಯನ್ನೂ ಜೊತೆಗೆ ಮಾಡಿ. ಟನಲ್‌ಗೆ ಡಿಎನ್‌ಏಸ್ ಹಾಕಿದ ಸ್ಲೈಡ್ ಒಂದು, ಕಿಣ್ವ ಹಾಕದ ಸ್ಲೈಡ್ ಒಂದು ಜೊತೆಗಿರಲಿ. ಸಾಯತೊಡಗಿದ ಕೋಶದ ಹೊರಪೊರೆಗೆ ಅಂಟುವ ಅನೆಕ್ಸಿನ್-ವಿ ಕಿಟ್ ಬಳಸುವುದಾದರೆ ಎರಡು ತೊಂದರೆ ನೆನಪಿಡಿ. ಕಿಟ್‌ನ ದ್ರಾವಣ ಮನುಷ್ಯನ ಕೋಶದ ಲವಣಕ್ಕೆ ಮಾಡಿದ್ದು. ಮತ್ತೆ, ಅನೆಕ್ಸಿನ್ ಅಂಟಿಕೊಳ್ಳಲು ಕ್ಯಾಲ್ಸಿಯಂ ಬೇಕು. ನಿಮ್ಮ ಇಡಿಟಿಎ ಅದನ್ನೇ ಕಟ್ಟಿಹಾಕಿರುತ್ತದೆ. ಇಡಿಟಿಎ ಪೂರ್ತಿ ತೊಳೆದು, ಚೆರ್ನಿನ್ ದ್ರಾವಣದಲ್ಲೇ ಅನೆಕ್ಸಿನ್ ಹಾಕಿ. ಪರೀಕ್ಷೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಬೇರೆ ಕೋಶಗಳಿಗೆ ಅಪೊಪ್ಟೋಸಿಸ್ ತರಿಸುವ ಸ್ಟಾರೊಸ್ಪೊರಿನ್ ಅನ್ನು 1 ಮೈಕ್ರೋಮೋಲಾರ್ ಕೊಟ್ಟು ನಾಲ್ಕಾರು ಗಂಟೆ ಇಟ್ಟು ನೋಡಿ. ಅಲ್ಲೂ ಸಾವು ಕಾಣದಿದ್ದರೆ ಕಿಟ್ ಅಥವಾ ಕೈ ಸರಿಯಿಲ್ಲ.

ಬೆಳವಣಿಗೆ

ವಿಭಜನೆ ಅಳೆಯಲು, ಹೊಸ ಡಿಎನ್‌ಎಗೆ ಸೇರಿಕೊಳ್ಳುವ ಇಡಿಯು (EdU) ಗುರುತು ಅಥವಾ ವಿಭಜನೆಯಾಗುತ್ತಿರುವ ಕೋಶಗಳನ್ನು ಗುರುತಿಸುವ ಫಾಸ್ಫೋ-ಹಿಸ್ಟೋನ್ ಎಚ್3 ಪ್ರತಿಕಾಯ. ಎರಡನೆಯದು ಬಹುತೇಕ ಪ್ರಾಣಿಗಳಲ್ಲಿ ಕೂಡುತ್ತದೆ, ಹುಳುವಿಗೆಂದೇ ಬೇರೆ ಪ್ರತಿಕಾಯ ಹುಡುಕಬೇಕಿಲ್ಲ.

ಮೈಯ ಬೆಳವಣಿಗೆಗೆ ಚಿಪ್ಪಿನ ತುದಿಯಿಂದ ಬಾಯಂಚಿನವರೆಗಿನ ಉದ್ದವನ್ನು ಗ್ರಾಫ್ ಕಾಗದದ ಮೇಲೆ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಅಳೆಯಿರಿ. ಕ್ಯಾಲಿಪರ್ ಒತ್ತಿದರೆ ಎಳೆಯ ಚಿಪ್ಪಿನ ಅಂಚು ಮುರಿಯುತ್ತದೆ. ಐದು ದಿನಕ್ಕೊಮ್ಮೆ, ನಾಲ್ಕು ವಾರ. ತಗ್ಗಿಸಿದ ಜೀನ್ ಅಷ್ಟು ದಿನ ತಗ್ಗಿಯೇ ಇರುವುದಿಲ್ಲ, ಪಿಸಿಆರ್ ತೋರಿಸಿದ ಅವಧಿಗೆ ತಕ್ಕಂತೆ ಮತ್ತೆ ಚುಚ್ಚಬೇಕಾಗುತ್ತದೆ. ಜಿಎಫ್‌ಪಿ ಗುಂಪಿಗೂ ಅಷ್ಟೇ ಸಲ ಚುಚ್ಚಿ.

ಒಂದು ಸೂಕ್ಷ್ಮ ಸಂಗತಿ: ಬಸವನಹುಳು ದಟ್ಟಣೆಯಲ್ಲಿ ಬೆಳೆಯುವುದಿಲ್ಲ. ಎಂಐಎಫ್ ಗುಂಪಿನ ತೊಟ್ಟಿಯಲ್ಲಿ ಕೆಲವು ಹುಳು ಸತ್ತರೆ ಉಳಿದವಕ್ಕೆ ಜಾಗವೂ ಮೇವೂ ಹೆಚ್ಚಾಗಿ, ಅವು ಹಿಗ್ಗಿ ಬೆಳೆಯುತ್ತವೆ. ಜೀನ್ ತಗ್ಗಿದರೂ ಬೆಳವಣಿಗೆ ಏರಿತು ಎಂಬ ವಿಚಿತ್ರ ಫಲಿತಾಂಶ ಹೀಗೆ ಹುಟ್ಟುತ್ತದೆ. ಪ್ರತಿ ಹುಳುವನ್ನೂ 200 ಮಿ.ಲೀ. ನೀರಿನ ಬೇರೆ ಲೋಟದಲ್ಲಿ ಸಾಕಿದರೆ ಈ ಗೊಂದಲವೂ ಇಲ್ಲ, ಸಂಖ್ಯಾಶಾಸ್ತ್ರದ ತಕರಾರೂ ಇಲ್ಲ. ಒಂದೇ ತೊಟ್ಟಿಯ ಹತ್ತು ಹುಳು ಹತ್ತು ಮಾದರಿಯಲ್ಲ, ಒಂದೇ ಮಾದರಿ.

ಓದುವ ಬಗೆ

ಎಂಐಎಫ್ ಇಳಿದು, ಅಪೊಪ್ಟೋಸಿಸ್ ಏರಿ, ಎಚ್3 ಕಲೆಗಳು ಕಡಿಮೆಯಾಗಿ, ಮೇವು ಮಾತ್ರ ಜಿಎಫ್‌ಪಿ ಗುಂಪಿನಷ್ಟೇ ಇದ್ದರೆ ಆಗ ಜೀನಿನ ಹೆಸರು ಹೇಳಬಹುದು. ಮೇವೂ ಇಳಿದಿದ್ದರೆ, ಅಷ್ಟೇ ಕಡಿಮೆ ಮೇವು ಕೊಟ್ಟ ಇನ್ನೊಂದು ಜಿಎಫ್‌ಪಿ ಗುಂಪು ಬೇಕು. ಸಾವು ಏರಿ ವಿಭಜನೆಯೂ ಏರಿದ್ದರೆ ದೇಹ ಸತ್ತ ಕೋಶಗಳ ಜಾಗ ತುಂಬಿಕೊಳ್ಳುತ್ತಿದೆ ಎಂದಿರಬಹುದು. 2, 4, 6ನೇ ದಿನಗಳನ್ನು ಬೇರೆ ಬೇರೆ ನೋಡಿದರೆ ಯಾವುದು ಮೊದಲು ಏರಿತೆಂದು ತಿಳಿಯುತ್ತದೆ. ಇನ್ನೊಂದು ದಾರಿಯ ಸಾಕ್ಷಿಗೆ ಎಂಐಎಫ್ ಪ್ರೋಟೀನಿನ ಕಿಣ್ವಗುಣವನ್ನು ತಡೆಯುವ ಐಎಸ್‌ಒ-1 ರಾಸಾಯನಿಕವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಕೋಶಗಳಿಗೆ ಕೊಡಬಹುದು. ಡಿಎಂಎಸ್‌ಒ 0.1 ಪ್ರತಿಶತ ಮೀರಬಾರದು, ಬರೀ ಡಿಎಂಎಸ್‌ಒ ಹಾಕಿದ ಕೋಶಗಳೂ ಜೊತೆಗಿರಬೇಕು.

ಕೆಲಸ ಮುಗಿದ ಹುಳುಗಳನ್ನು, ಮೊಟ್ಟೆಗಳನ್ನು, ತೊಟ್ಟಿಯ ನೀರನ್ನು ಕಾಲುವೆಗೋ ಚರಂಡಿಗೋ ಬಿಡಬಾರದು. ಹುಳು, ಮೊಟ್ಟೆಗಳನ್ನು ಮೈನಸ್ 20 ಡಿಗ್ರಿಯಲ್ಲಿ ರಾತ್ರಿಯಿಟ್ಟು ಆಟೋಕ್ಲೇವ್ ಮಾಡಿ, ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ ಮರುದಿನ ಚೆಲ್ಲಿ. ಎಥಿಡಿಯಂ ಬ್ರೋಮೈಡ್ ತಗುಲಿದ ಸ್ಲೈಡು, ಟಿಪ್ಪುಗಳಿಗೆ ಬೇರೆ ಡಬ್ಬಿ ಇಡಿ. ಅದಕ್ಕೆ ಬ್ಲೀಚ್ ಹಾಕಬೇಡಿ. ಆರ್‌ಎನ್‌ಎ ಕೆಲಸ ಶುರುವಾಗುವ ಮೊದಲೇ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಅರ್ಜಿ ಕೊಟ್ಟಿರಬೇಕು.